ಮಧ್ಯರಾತ್ರಿಯ ಕರೆಗಂಟೆ: ಬಿ-304ರ ಅತಿಥಿಗಳು ಎ-304ಕ್ಕೆ ಬರುತ್ತಿರುವ ಬಗ್ಗೆ

ಎ-304:
ಎಲ್ಲರಿಗೂ ನಮಸ್ಕಾರ. ನಮ್ಮ ಸಮುಚ್ಚಯದಲ್ಲಿ 304 ಎಂಬ ಸಂಖ್ಯೆಯ ಮನೆಗಳು ಮೂರಿವೆ. ಅವುಗಳಲ್ಲಿ ಬಿ ಬ್ಲಾಕಿನ ಮನೆಯನ್ನು ಅದರ ಮಾಲೀಕರು ಕೆಲವು ತಿಂಗಳುಗಳಿಂದ ದಿನಬಾಡಿಗೆಗೆ ಕೊಡುತ್ತಿದ್ದಾರೆ. ಆ ಮನೆಗೆ ಹೋಗಬೇಕಾದವರಲ್ಲಿ ಹಲವರು ಮೊದಲು ನಮ್ಮ ಮನೆಗೆ ಬಂದು, ನಮ್ಮನ್ನು ಎಬ್ಬಿಸಿ, ಆಮೇಲೆ ಅಲ್ಲಿಗೆ ಹೋಗುತ್ತಾರೆ.

ಮೊನ್ನೆ ರಾತ್ರಿ 1 ಗಂಟೆ 10 ನಿಮಿಷಕ್ಕೆ ಎರಡು ಸೂಟ್‌ಕೇಸುಗಳೊಂದಿಗೆ ಒಬ್ಬ ಮಹಿಳೆ ಬಂದರು. ನಮ್ಮ ಬಾಗಿಲಿಗೆ ಅಂಕಿ ಒತ್ತಿ ತೆರೆಯುವ ಬೀಗವಿಲ್ಲ. ಅವರು ಮೊಬೈಲಿನ ಬೆಳಕಿನಲ್ಲಿ ಅದನ್ನು ಹುಡುಕಿ, ಕೊನೆಗೆ ಕರೆಗಂಟೆಯ ಗುಂಡಿಯೇ ಅದಿರಬೇಕೆಂದು ಭಾವಿಸಿ, ತಮಗೆ ಕಳುಹಿಸಲಾಗಿದ್ದ 4172 ಎಂಬ ಸಂಖ್ಯೆಗೆ ಅನುಗುಣವಾಗಿ ನಾಲ್ಕು ಬಾರಿ, ಒಂದು ಬಾರಿ, ಏಳು ಬಾರಿ, ಎರಡು ಬಾರಿ, ನಡುವೆ ಸ್ವಲ್ಪ ಸ್ವಲ್ಪ ಬಿಡುವು ಕೊಟ್ಟು ಒತ್ತಿದರು. ಒಟ್ಟು ಹದಿನಾಲ್ಕು ಸಲ ಗಂಟೆ ಬಾರಿಸಿತು. ನಾನು ಬಾಗಿಲು ತೆರೆದಾಗ ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ಸಂಖ್ಯೆ ಸರಿಯಾಗಿತ್ತಲ್ಲ ಎಂಬ ಸಮಾಧಾನ.

ಅದಕ್ಕೂ ಹಿಂದಿನ ವಾರ ಸಂಜೆ ನಮ್ಮ ಬಾಗಿಲು ಅರೆತೆರೆದಿದ್ದಾಗ ದಂಪತಿಯೊಬ್ಬರು ನೇರವಾಗಿ ಒಳಗೆ ಬಂದು ಚೀಲಗಳನ್ನಿಳಿಸಿ, ಸೋಫಾದಲ್ಲಿ ಕುಳಿತು, ನಮ್ಮ ತಾಯಿಯವರನ್ನು ಮನೆ ನೋಡಿಕೊಳ್ಳುವವರೆಂದು ತಿಳಿದು ವೈಫೈ ಪಾಸ್‌ವರ್ಡ್ ಕೇಳಿದರು. ತಾಯಿಯವರು, ಇವರು ನನ್ನ ಕಚೇರಿಯ ಸ್ನೇಹಿತರಿರಬೇಕೆಂದುಕೊಂಡು, ಕನ್ನಡಕ ಹಾಕಿಕೊಂಡು ಓದಿ ಹೇಳಿದ್ದಾರೆ. ನಾನು ಸ್ನಾನ ಮುಗಿಸಿ ಹೊರಬರುವ ಹೊತ್ತಿಗೆ ಅವರು ಮಲಗುವ ಕೋಣೆ ಯಾವುದೆಂದು ವಿಚಾರಿಸುತ್ತಿದ್ದರು.

ಬಂದವರ ಮೇಲೆ ನನಗೆ ಕೋಪವಿಲ್ಲ. ದೂರದಿಂದ ಬಂದು ದಣಿದವರು ಎರಡು ಒಂದೇ ತರಹದ ಕಟ್ಟಡಗಳ ನಡುವೆ ತಪ್ಪುವುದು ಸಹಜ. ಆದರೆ ಅವರಿಗೆ ದಾರಿ ಹೇಳಬೇಕಾದವರು ನಾವಲ್ಲ. ಬಿ-304ರವರು ಊರಲ್ಲಿಲ್ಲದಿದ್ದಾಗ ಆ ಬಾಗಿಲಿಗೆ ಹೊಣೆ ಯಾರು ಎಂಬುದು ಈ ಗುಂಪಿನಲ್ಲಿ ತೀರ್ಮಾನವಾಗಬೇಕು.

ಸಿ-102:
ತೀರ್ಮಾನ ಸುಲಭ, ನಿಲ್ಲಿಸಿಬಿಡಿ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನೋಂದಣಿ ಕಾನೂನಿನಂತೆ, 30 ದಿನಗಳಿಗಿಂತ ಕಡಿಮೆ ಅವಧಿಗೆ ಮನೆ ಕೊಡುವವರು ಸ್ವತಃ ಆ ಮನೆಯಲ್ಲೇ ವಾಸವಿರಬೇಕು ಮತ್ತು ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು. ಬಾರ್ಸಿಲೋನಾ ನಗರಾಡಳಿತವಂತೂ ತನ್ನ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಮನೆಗಳ ಪರವಾನಗಿಗಳನ್ನು 2028ರ ನಂತರ ನವೀಕರಿಸುವುದಿಲ್ಲವೆಂದು 2024ರಲ್ಲೇ ಪ್ರಕಟಿಸಿದೆ. ಅಷ್ಟು ದೊಡ್ಡ ನಗರಗಳಿಗೇ ಸಾಕಾಗಿರುವುದು ಮೂರು ಬ್ಲಾಕುಗಳ ನಮಗೆ ಬೇಕೇ? ಮನೆಗಳನ್ನು ದಿನಬಾಡಿಗೆಗೆ ಕೊಡಿಸುವ ಜಾಲತಾಣ ಏರ್‌ಬಿಎನ್‌ಬಿಯ ಮೂಲವೇ ನೋಡಿ: 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ತಮ್ಮ ಕೋಣೆಯ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆಗಳನ್ನು ಹಾಸಿ ಅತಿಥಿಗಳನ್ನು ಕರೆದಾಗ, ಅವರೂ ಅದೇ ಮನೆಯಲ್ಲಿದ್ದರು. ಈಗ ಹಾಸಿಗೆ ಇಲ್ಲಿದೆ, ಆತಿಥೇಯರು ಬೇರೆ ಖಂಡದಲ್ಲಿದ್ದಾರೆ.

ಎ-205:
ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಕಳೆದ ತಿಂಗಳು ಬೆಳಿಗ್ಗೆ ಆರು ಗಂಟೆಗೆ ಬಿ-304ರ ಬಾಲ್ಕನಿಯಲ್ಲಿ ಒಬ್ಬರು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದರು. ವ್ಯಾಯಾಮ ಮಾಡುತ್ತಿದ್ದಾರೆಂದು ತಿಳಿದು ನಾನೂ ಕೈ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು, ನಾನೂ ಬೀಸಿದೆ. ಬಾಲ್ಕನಿಯ ಬಾಗಿಲು ತಾನಾಗಿಯೇ ಹಾಕಿಕೊಂಡು ಅವರು ಹೊರಗೆ ಸಿಕ್ಕಿಕೊಂಡಿದ್ದಾರೆಂದು ತಿಳಿದದ್ದು ಮುಕ್ಕಾಲು ಗಂಟೆಯ ನಂತರ, ನಮ್ಮ ಕಾವಲುಗಾರರು ಕೂಗಿ ಹೇಳಿದಾಗ.

ಕಾರ್ಯದರ್ಶಿ:
ದಯವಿಟ್ಟು ವಿಷಯದಲ್ಲೇ ಇರೋಣ. ನಿಷೇಧ ಬೇಕೇ ಬೇಡವೇ ಎಂಬುದು ಸಾಮಾನ್ಯ ಸಭೆಯ ವಿಚಾರ, ಅದನ್ನು ಇಲ್ಲಿ ಸಂದೇಶಗಳಲ್ಲಿ ತೀರ್ಮಾನಿಸಲಾಗದು. ಶುಕ್ರವಾರ ರಾತ್ರಿ ಮುಂದಿನ ಅತಿಥಿಗಳು ಬರುತ್ತಾರೆಂದು ಗೇಟಿನ ಪುಸ್ತಕದಲ್ಲಿದೆ. ಅಷ್ಟರೊಳಗೆ ಏನಾಗಬೇಕೆಂಬುದನ್ನು ನೋಡೋಣ. ಬಿ-304ರವರು ಉತ್ತರಿಸಬೇಕೆಂದು ಕೋರುತ್ತೇನೆ.

ಬಿ-304:
ಎಲ್ಲರ ಕ್ಷಮೆ ಕೋರುತ್ತೇನೆ, ಎ-304ರ ಅಮ್ಮನವರಲ್ಲಿ ವಿಶೇಷವಾಗಿ. ಆ ದಂಪತಿ ಬರೆದ ವಿಮರ್ಶೆಯಲ್ಲಿ “ಹಿರಿಯರೊಬ್ಬರು ಬಹಳ ಆದರದಿಂದ ಬರಮಾಡಿಕೊಂಡರು, ಆದರೆ ನಂತರ ನಮ್ಮನ್ನು ಬೇರೆ ಮನೆಗೆ ಕಳುಹಿಸಲಾಯಿತು” ಎಂದಿತ್ತು. ಅದರ ಅರ್ಥ ಇಂದು ತಿಳಿಯಿತು. ಅಂದಹಾಗೆ, ಎ-304ರವರೇ, ತಾವು ಮೇಲೆ ಬರೆದಿರುವ ಸಂಖ್ಯೆಯನ್ನು ಈಗಷ್ಟೇ ಬದಲಾಯಿಸಿದ್ದೇನೆ.

ಮೊನ್ನೆ ಬಂದ ಮಹಿಳೆಯ ಕಥೆ ನಿಮ್ಮ ಬಾಗಿಲಲ್ಲಿ ಮುಗಿಯಲಿಲ್ಲ. ಅವರ ಬುಕಿಂಗ್ 15ನೇ ತಾರೀಖಿನಿಂದ ಇತ್ತು, ವಿಮಾನ ಇಳಿದದ್ದು 15ರಂದು 12 ಗಂಟೆ 20 ನಿಮಿಷಕ್ಕೆ, ಅಂದರೆ ನಡುರಾತ್ರಿ. ಟಿಕೆಟ್ ಪ್ರಕಾರ ಅದು 15 ಹೌದು. ಆದರೆ ಬಾಡಿಗೆಯ ಲೆಕ್ಕ ರಾತ್ರಿಗಳದ್ದು. ಆ ರಾತ್ರಿ 14ರ ಖಾತೆಗೆ ಸೇರಿದ್ದು, ಅವರ ಮನೆ ಸಿಗುವುದು 15ರ ಮಧ್ಯಾಹ್ನ 2 ಗಂಟೆಗೆ. ಹೀಗೆ ಅವರು ಸುಮಾರು ಹದಿಮೂರು ಗಂಟೆ ಮುಂಚಿತವಾಗಿ ಬಂದು, ಹಿಂದಿನ ಅತಿಥಿಗಳು ಒಳಗೆ ಮಲಗಿರುವಾಗ ಹೊರಗಿನಿಂದ ಸಂಖ್ಯೆ ಒತ್ತಿದ್ದಾರೆ. ಒಳಗಿದ್ದವರು ಕಳ್ಳರೆಂದು ಹೆದರಿ ನನಗೆ ಕರೆ ಮಾಡಿದರು, ಹೊರಗಿದ್ದವರು ಬೀಗ ಕೆಟ್ಟಿದೆಯೆಂದು ನನಗೇ ಕರೆ ಮಾಡಿದರು. ಆಗ ನಾನು ರನ್‌ವೇ ಪಕ್ಕದಲ್ಲಿ ಎರಡು ಗಂಟೆ ನಿಂತಿದ್ದ ವಿಮಾನದೊಳಗೆ, ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟು, ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತಿದ್ದೆ. ಇಳಿದು ಫೋನ್ ತೆರೆದಾಗ ಇಬ್ಬರಿಂದಲೂ ಸೇರಿ ಮೂವತ್ತೊಂದು ಕರೆಗಳಿದ್ದವು.

ಇನ್ನೊಮ್ಮೆ ಬೀಗದ ಸಮಯವನ್ನು ನಾನು ಮೂರೂವರೆ ಗಂಟೆ ಹಿಂದಿರುವ ದೇಶದಿಂದ ಹೊಂದಿಸಿದೆ. ಮಧ್ಯಾಹ್ನ 2 ಎಂದು ಕೊಟ್ಟಿದ್ದೆ, ಆ್ಯಪ್ ಅದನ್ನು ನನ್ನ ಫೋನಿನ ಗಡಿಯಾರದಂತೆ ಓದಿಕೊಂಡಿತು, ಬೀಗ ತೆರೆದದ್ದು ಇಲ್ಲಿನ ಸಂಜೆ ಐದೂವರೆಗೆ. ಆ ಕುಟುಂಬ ಮೂರೂವರೆ ಗಂಟೆ ಮೆಟ್ಟಿಲ ಮೇಲೆ ಕುಳಿತಿತ್ತು.

ನನಗೂ ಶಿಕ್ಷೆಯಾಗದೆ ಇಲ್ಲ. ಒಂದು ಭಾನುವಾರ ನಾನೇ ಮನೆ ಶುಚಿಗೊಳಿಸಲು ಬಂದು, ಕಸದ ಚೀಲವನ್ನು ಹೊರಗಿಡಲೆಂದು ಎರಡು ಹೆಜ್ಜೆ ಇಟ್ಟೆ. ಬಾಗಿಲು ಮುಚ್ಚಿಕೊಂಡಿತು. ನಾನು ಬಳಸಿದ್ದು ಹಿಂದಿನ ಅತಿಥಿಗಳ ಸಂಖ್ಯೆ, ಅದರ ಅವಧಿ ಹನ್ನೊಂದಕ್ಕೆ ಮುಗಿದಿತ್ತು. ಒಂದು ಕೈಯಲ್ಲಿ ಕಸದ ಚೀಲ, ಇನ್ನೊಂದರಲ್ಲಿ ಒದ್ದೆ ನೆಲವರೆಸುವ ಕೋಲು ಹಿಡಿದು ಸ್ವಂತ ಬಾಗಿಲನ್ನು ಭುಜದಿಂದ ನೂಕುತ್ತಿದ್ದ ನನ್ನನ್ನು ಕಾವಲುಗಾರರು ಹಿಡಿದು, ಮಾಲೀಕರ ಅನುಮತಿ ಇದೆಯೇ ಎಂದು ಕೇಳಿದರು. ಮಾಲೀಕರ ಫೋನು ಒಳಗಿತ್ತು.

ಎ-501:
ಬೀಗಗಳ ಕೆಲಸವೇ ನನ್ನ ವೃತ್ತಿಯಾದ್ದರಿಂದ ಎರಡು ಮಾತು. ಇಂಥ ಬೀಗಗಳಲ್ಲಿ ಸಾಮಾನ್ಯವಾಗಿ ನಾಲ್ಕು ಎಎ ಸೆಲ್‌ಗಳಿರುತ್ತವೆ. ಮಾಮೂಲಿ ಆಲ್ಕಲೈನ್ ಸೆಲ್‌ನ ವೋಲ್ಟೇಜ್ ನಿಧಾನವಾಗಿ ಇಳಿಯುವುದರಿಂದ ಬೀಗಕ್ಕೆ ಮುನ್ನೆಚ್ಚರಿಕೆ ಕೊಡಲು ಸಮಯ ಸಿಗುತ್ತದೆ. ಲಿಥಿಯಂ ಸೆಲ್ ಹೆಚ್ಚು ಕಾಲ ಬಂದರೂ, ಕೊನೆಯವರೆಗೂ ಒಂದೇ ಸಮನೆ 1.5 ವೋಲ್ಟ್‌ನ ಆಸುಪಾಸಿನಲ್ಲಿದ್ದು ಥಟ್ಟನೆ ಕುಸಿಯುತ್ತದೆ. ಆ್ಯಪ್ ಬೆಳಿಗ್ಗೆ ತುಂಬಿದೆಯೆಂದು ತೋರಿಸುತ್ತದೆ, ರಾತ್ರಿ ಬೀಗ ಸತ್ತಿರುತ್ತದೆ. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದೆ ಬೋಲ್ಟ್ ಉಜ್ಜುತ್ತಿದ್ದರೆ ಮೋಟಾರು ತಿಣುಕಿ ಸೆಲ್ ಇನ್ನೂ ಬೇಗ ಮುಗಿಯುತ್ತದೆ. ಬಿ-304ರ ಬಾಗಿಲು ಹಾಗೇ ಇದೆ, ಮುಚ್ಚುವಾಗ ಗೊರಕೆಯಂತಹ ಸದ್ದು ಬರುತ್ತದೆ. ಕೆಲವು ಮಾದರಿಗಳಲ್ಲಿ ಬೀಗದ ಹೊರಭಾಗದ ಕೆಳಗೆ ಎರಡು ಲೋಹದ ಬಿಂದುಗಳಿರುತ್ತವೆ. ಅವುಗಳಿಗೆ 9 ವೋಲ್ಟ್‌ನ ಚೌಕ ಬ್ಯಾಟರಿ ತಾಗಿಸಿ ಹಿಡಿದು ಸಂಖ್ಯೆ ಒತ್ತಿದರೆ ಬೀಗ ತೆರೆಯುತ್ತದೆ. ನಿಮ್ಮದೂ ಆ ಮಾದರಿಯೇ, ನಾನು ನೋಡಿದ್ದೇನೆ. ಅಂಥ ಒಂದು ಬ್ಯಾಟರಿಯನ್ನು ಗೇಟಿನಲ್ಲಿಡಿ.

ಬಿ-304:
ಧನ್ಯವಾದಗಳು. ಬೀಗ ಸತ್ತಾಗಲೆಂದು ಮೀಟರ್ ಕೋಣೆಯ ಗೋಡೆಗೆ ಕೀಲಿಪೆಟ್ಟಿಗೆಯನ್ನೂ ಹಾಕಿದ್ದೇನೆ, ಹತ್ತು ಗುಂಡಿಗಳಿರುವ ಯಾಂತ್ರಿಕ ಪೆಟ್ಟಿಗೆ, ನಾಲ್ಕು ಅಂಕಿಯ ಸಂಕೇತ.

ಬಿ-203:
ನಿವೃತ್ತ ಗಣಿತ ಶಿಕ್ಷಕನಾಗಿ ಒಂದು ಆಕ್ಷೇಪವಿದೆ. ಆ ಬಗೆಯ ಗುಂಡಿ ಪೆಟ್ಟಿಗೆಯಲ್ಲಿ ಯಾವ ಗುಂಡಿಗಳನ್ನು ಒತ್ತಿದ್ದೀರಿ ಎಂಬುದಷ್ಟೇ ಲೆಕ್ಕ, ಯಾವುದನ್ನು ಮೊದಲು ಒತ್ತಿದಿರಿ ಎಂಬುದಲ್ಲ. ನಾನು ನಿನ್ನೆ ತಮ್ಮ ಪೆಟ್ಟಿಗೆಯ ಮುಂದೆ ನಿಂತು ಯೋಚಿಸಿದೆ, ಮುಟ್ಟಲಿಲ್ಲ. ನಾಲ್ಕು ಉರುಳುಚಕ್ರಗಳ ಪೆಟ್ಟಿಗೆಯಾದರೆ ಸಾಧ್ಯತೆಗಳು 10,000. ಹತ್ತು ಗುಂಡಿಗಳಲ್ಲಿ ನಾಲ್ಕನ್ನು ಆರಿಸುವ ವಿಧಗಳು ಕೇವಲ 210. ಒಂದೊಂದಕ್ಕೆ ಹತ್ತು ಸೆಕೆಂಡು ಹಿಡಿದರೂ ಮೂವತ್ತೈದು ನಿಮಿಷದಲ್ಲಿ ಎಲ್ಲವನ್ನೂ ಒತ್ತಿ ಮುಗಿಸಬಹುದು. ನಮ್ಮ ಬ್ಲಾಕಿನ ಕೀಲಿಯೊಂದು ಇಷ್ಟು ಅಗ್ಗವಾಗಿ ನೇತಾಡುವುದು ನನಗೆ ಸರಿಕಾಣದು.

ಸಿ-308:
ಮನೆಯೊಳಗೇ ಒಂದು ಕ್ಯಾಮೆರಾ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದಲ್ಲವೇ?

ಬಿ-304:
ಅದು ಆಗದ ಮಾತು. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಅದಿಲ್ಲದಿದ್ದರೂ ಬೇರೆಯವರು ಮಲಗುವ ಮನೆಯೊಳಗೆ ಕಣ್ಣಿಡುವುದು ನನ್ನಿಂದಾಗದು.

ಎ-304:
ಒಳಗೆ ಹೋದ ಮೇಲಿನ ಮಾತು ಬೇರೆ, ನನ್ನ ದೂರು ಒಳಗೆ ಹೋಗುವ ಮೊದಲಿನದು. ತಾವು ಅತಿಥಿಗಳಿಗೆ ಕಳುಹಿಸುವ ದಾರಿಯ ಸಂದೇಶವನ್ನು ಯಥಾವತ್ತಾಗಿ ಇಲ್ಲಿ ಹಾಕುವಿರಾ?

ಬಿ-304:
“ನಕ್ಷೆಯಲ್ಲಿನ ಗುರುತಿಗೆ ಬನ್ನಿ. ಗೇಟಿನಿಂದ ಒಳಬಂದ ಕೂಡಲೇ ಎಡಗಡೆಯ ಕಟ್ಟಡ. ಮೂರನೆಯ ಮಹಡಿ, ಬಿಳಿ ಬಾಗಿಲು. ಸಂಖ್ಯೆ ಒತ್ತಿ ಒಳಗೆ ಹೋಗಿ. ಮನೆ ನಿಮ್ಮದೆಂದೇ ಭಾವಿಸಿ.”

ಎ-304:
ಕೊನೆಯ ವಾಕ್ಯವನ್ನು ಅವರು ನಮ್ಮ ಮನೆಯಲ್ಲಿ ಚಾಚೂತಪ್ಪದೆ ಪಾಲಿಸಿದ್ದಾರೆ. ಒಂದು ಸಲಹೆ: ಬಿ ಬ್ಲಾಕಿಗೆ ಎಂದೂ ಹೋಗದವರು ಯಾರಾದರೂ ಇಂದು ರಾತ್ರಿ ಈ ಸಂದೇಶವನ್ನಷ್ಟೇ ನಂಬಿ, ನಕ್ಷೆ ಹಿಡಿದು, ಹೊರಗಿನ ರಸ್ತೆಯಿಂದ ನಡೆದು ಬರಲಿ. ಎಲ್ಲಿ ತಪ್ಪುತ್ತಾರೋ ಅಲ್ಲಿ ಸರಿಪಡಿಸೋಣ.

ಸಿ-102:
ನಾನು ಹೋಗುತ್ತೇನೆ. ಅದು ನಡೆಯುವುದಿಲ್ಲವೆಂದು ತೋರಿಸಲು ನನಗಿಂತ ಉತ್ಸಾಹವಿರುವವರು ಇಲ್ಲಿ ಇನ್ನೊಬ್ಬರಿಲ್ಲ. ಭಾರಕ್ಕೆಂದು ಒಂದು ಸೂಟ್‌ಕೇಸನ್ನೂ ಒಯ್ಯುತ್ತೇನೆ.

ಸಿ-102 (ರಾತ್ರಿ 10 ಗಂಟೆ 40 ನಿಮಿಷ):
ವರದಿ ಹೀಗಿದೆ. ನಕ್ಷೆ ನನ್ನನ್ನು ಮುಂದಿನ ಗೇಟಿಗೆ ಕರೆತರಲೇ ಇಲ್ಲ. ಗುರುತನ್ನು ಕಟ್ಟಡದ ನಡುಮಧ್ಯಕ್ಕೆ ಚುಚ್ಚಿರುವುದರಿಂದ, ಆ ಬಿಂದುವಿಗೆ ಹತ್ತಿರವಾದ ಹಿಂದಿನ ರಸ್ತೆಯ ಸಣ್ಣ ಗೇಟಿನಲ್ಲಿ “ತಲುಪಿದಿರಿ” ಎಂದಿತು. ಹಿಂದಿನ ಗೇಟಿನಿಂದ ಒಳಬಂದರೆ ಎಡಗಡೆಗೆ ಸಿಗುವುದು ಎ ಬ್ಲಾಕ್. ಇಷ್ಟು ದಿನ ಎ-304ರವರ ನಿದ್ದೆಗೆಟ್ಟದ್ದು ಇದರಿಂದ. ಫಲಕ ನೋಡೋಣವೆಂದರೆ ಬಿ ಎಂಬ ಅಕ್ಷರ ಬಳ್ಳಿಯ ಹಿಂದಿದೆ, ಅದರ ಮೇಲಿನ ದೀಪ ಉರಿಯುತ್ತಿಲ್ಲ.

ಆದರೂ ಹಟಕ್ಕೆ ಬಿದ್ದು ಬಿ ಬ್ಲಾಕಿಗೆ ಹೋದೆ. ಮೆಟ್ಟಿಲಿನ ಪಕ್ಕದ ಬಾಗಿಲು ಬಿಳಿಯದಾಗಿತ್ತು, ತೆರೆದೂ ಇತ್ತು, ಒಳಗೆ ಹೋದೆ. ಅದು ಪಂಪಿನ ಕೋಣೆ. ಅಷ್ಟರಲ್ಲಿ ಮೋಟಾರು ತಾನಾಗಿಯೇ ಚಾಲೂ ಆಗಿ ನಾನು ಸೂಟ್‌ಕೇಸಿನ ಮೇಲೆಯೇ ಕುಳಿತುಬಿಟ್ಟೆ. ಇನ್ನು “ಮೂರನೆಯ ಮಹಡಿ” ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದವರು ನೆಲಮಹಡಿಯನ್ನೇ ಮೊದಲನೆಯದೆಂದು ಎಣಿಸುತ್ತಾರೆ, ಬ್ರಿಟನ್ನಿನವರು ಅದರ ಮೇಲಿನದನ್ನು. ನಾನು ಅಮೆರಿಕದ ಲೆಕ್ಕದಲ್ಲಿ ಹತ್ತಿ ಬಿ-204ರ ಬಿಳಿ ಬಾಗಿಲನ್ನು ತಟ್ಟಿ ಬೈಸಿಕೊಂಡೆ. ಅವರಲ್ಲಿ ಕ್ಷಮೆ ಕೇಳಿದ್ದೇನೆ.

ಬಿ-204:
ನಾನು ಬೈಯಲಿಲ್ಲ. ಸೂಟ್‌ಕೇಸ್ ಹಿಡಿದು ಎಲ್ಲಿಗೆ ಹೊರಟಿರಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದೆ ಅಷ್ಟೆ.

ಬಿ-304:
ಗುರುತನ್ನು ಮುಂದಿನ ಗೇಟಿಗೆ ಸರಿಸಿದ್ದೇನೆ. ಹೊಸ ಸಂದೇಶ ಇದು: “ಕಾವಲುಗಾರರಿರುವ ದೊಡ್ಡ ಗೇಟಿಗೆ ಮಾತ್ರ ಬನ್ನಿ. ಬ್ಲಾಕ್ ಬಿ, ಎ ಅಲ್ಲ. ಲಿಫ್ಟಿನಲ್ಲಿ 3 ಎಂಬ ಗುಂಡಿ ಒತ್ತಿ. ಬಾಗಿಲಿನ ಮೇಲೆ ಬಿ-304 ಎಂದು ಬರೆದಿದೆ, ಅಂಕಿಗಳ ಬೀಗ ಇಲ್ಲದಿದ್ದರೆ ಅದು ನಮ್ಮ ಮನೆಯಲ್ಲ. ನಿಮ್ಮ ವಿಮಾನ ನಡುರಾತ್ರಿಯ ನಂತರ ಇಳಿಯುವುದಾದರೆ ಹಿಂದಿನ ದಿನದಿಂದ ಬುಕ್ ಮಾಡಿ.” ಕೀಲಿಪೆಟ್ಟಿಗೆಯನ್ನು ನಾಳೆ ತೆಗೆಯುತ್ತೇನೆ. ಬದಲಿ ಕೀಲಿ ಎ-501ರವರ ಬಳಿ ಇರುತ್ತದೆ, ಅವರು ಒಪ್ಪಿದ್ದಾರೆ. ನಾನು ಪ್ರಯಾಣದಲ್ಲಿರುವ ದಿನಗಳಲ್ಲಿ ಅತಿಥಿಗಳ ಕರೆಗೆ ನನ್ನ ತಂಗಿ ಉತ್ತರಿಸುತ್ತಾಳೆ. ಅವಳು ಹತ್ತು ನಿಮಿಷದ ದಾರಿಯಲ್ಲಿದ್ದಾಳೆ, ಅವಳ ಸಂಖ್ಯೆಯನ್ನು ಗೇಟಿನಲ್ಲಿ ಕೊಟ್ಟಿದ್ದೇನೆ.

ಎ-304:
ಇದು ನನಗೆ ಒಪ್ಪಿಗೆ. ದಂಪತಿ ಮತ್ತೆ ಬರುವುದಾದರೆ ಮೊದಲೇ ತಿಳಿಸಬೇಕೆಂದು ತಾಯಿಯವರು ಹೇಳಿದ್ದಾರೆ.

ಕಾರ್ಯದರ್ಶಿ:
ಪಂಪಿನ ಕೋಣೆಗೆ ಇಂದಿನಿಂದ ಬೀಗ. ಬಳ್ಳಿ ಕತ್ತರಿಸಿ ಫಲಕದ ದೀಪ ಬದಲಾಯಿಸುವ ಕೆಲಸವನ್ನು ಶುಕ್ರವಾರ ಬೆಳಿಗ್ಗೆಯೇ ಮುಗಿಸಬೇಕು. ಸಂಘದ ಏಣಿ ಮುರಿದಿದೆ. ಯಾರ ಬಳಿಯಾದರೂ ಏಣಿ ಇದೆಯೇ?

ಸಿ-102:
ನನ್ನ ಬಳಿ ಇದೆ, ಕೊಡುತ್ತೇನೆ. ಆದರೆ ದಿನಬಾಡಿಗೆಗೆ ನನ್ನ ವಿರೋಧ ಮುಂದುವರಿದಿದೆಯೆಂಬುದನ್ನು, ಏಣಿ ಕೊಟ್ಟ ವಿಷಯದ ಜೊತೆಗೇ ನಡಾವಳಿಯಲ್ಲಿ ದಾಖಲಿಸಬೇಕು.