ಹೊಸ ಸಿಆರ್‌ಪಿಗೆ ಸಲಹೆ ಬೇಕು: ಶಿಕ್ಷಕರ ಜೊತೆ ನಿಲ್ಲುವುದು ಹೇಗೆ? ಅನುಭವ ಹಂಚಿಕೊಳ್ಳಿ

ಕೇಳಿದವರು: ಹೊಸ ಸಿಆರ್‌ಪಿ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಪರೀಕ್ಷೆ ಬರೆದು ಈ ವರ್ಷ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿ ಬಂದಿದ್ದೇನೆ. ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಹೋಗಿ ಶಿಕ್ಷಕರಿಗೆ ನೆರವಾಗುವ ಕೆಲಸ. ಶಾಲೆಗೆ ಹೋದರೆ ಶಿಕ್ಷಕರು ಪಾಠ ನಿಲ್ಲಿಸಿ ಎದ್ದು ನಿಲ್ಲುತ್ತಾರೆ. ಪಾಠ ಯೋಜನೆ, ಹಾಜರಿ, ಸಿಸಿಇ (ವರ್ಷವಿಡೀ ನಡೆಯುವ ಮೌಲ್ಯಮಾಪನ) ದಾಖಲೆ ಎಲ್ಲ ಟೇಬಲ್ ಮೇಲೆ ಬರುತ್ತವೆ. ಪಾಠ ಮಾತ್ರ ನೋಡಲು ಸಿಗುವುದಿಲ್ಲ. ತಿಂಗಳ ಸಮಾಲೋಚನಾ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ. ನನಗೆ ತಪಾಸಣೆ ಮಾಡುವ ಆಸೆ ಇಲ್ಲ. ನಮ್ಮ ಕ್ಲಸ್ಟರಿನ ಶಿಕ್ಷಕರು ಬೆಳೆಯಬೇಕು, ಖುಷಿಯಿಂದ ಕೆಲಸ ಮಾಡಬೇಕು. ಅದಕ್ಕೆ ನನ್ನಿಂದ ಏನಾದರೂ ಆಗಬೇಕು. ಈ ಕೆಲಸ ಮಾಡಿದವರು, ಇಂಥ ಸಹಾಯ ಪಡೆದವರು ದಯವಿಟ್ಟು ಹೇಳಿ. ತರಬೇತಿ ಮಾಡ್ಯೂಲಿನ ಮಾತು ಬೇಡ, ನಿಜವಾಗಿ ನಡೆದದ್ದು ಬೇಕು.

ಹಿಂದೆ ಸಿಆರ್‌ಪಿ ಆಗಿದ್ದವರು, ಈಗ ಮತ್ತೆ ಶಾಲೆಯಲ್ಲಿ, ಹುಣಸೂರು ಕಡೆ

ಮೇಡಂ, ಮೊದಲ ಸುತ್ತಿನ ಭೇಟಿಯಲ್ಲಿ ಯಾವ ದಾಖಲೆಯನ್ನೂ ಮುಟ್ಟಬೇಡಿ. "ಪುಸ್ತಕ ಆಮೇಲೆ ನೋಡೋಣ, ಯಾವ ಪೀರಿಯಡ್‌ಗೆ ಬಂದರೆ ನಿಮಗೆ ಅನುಕೂಲ?" ಅಂತ ಕೇಳಿ. ಸಮಯ ಅವರೇ ಹೇಳಲಿ. ಒಳಗೆ ಹೋದ ಮೇಲೆ ಕುರ್ಚಿ ತರಿಸಬೇಡಿ. ಹಿಂದೆ, ತಡವರಿಸಿ ಓದುವ ಮಕ್ಕಳ ಪಕ್ಕ ನೆಲದ ಮೇಲೆ ಕೂರಿ. ಶಿಕ್ಷಕರಿಗೆ ಕಪ್ಪುಹಲಗೆ ಹತ್ತಿರದಿಂದ ಕಾಣದ್ದು ನಿಮಗೆ ಅಲ್ಲಿಂದ ಕಾಣುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮೂರನೇ ತರಗತಿ. ದಶಕ ಸಹಿತ ಕಳೆಯುವ ಲೆಕ್ಕ. ಮೇಷ್ಟ್ರು ಚೆನ್ನಾಗಿಯೇ ಕಲಿಸಿದ್ದರು. ನನ್ನ ಪಕ್ಕ ಕೂತಿದ್ದ ಹುಡುಗಿಯ ಪುಸ್ತಕದ ತುಂಬ ಕೆಂಪು ಗುರುತು. 52ರಲ್ಲಿ 38 ಕಳೆದು 26 ಬರೆದಿದ್ದಳು. 41ರಲ್ಲಿ 17 ಕಳೆದು 36. 63ರಲ್ಲಿ 29 ಕಳೆದು 46. ಆದರೆ 87ರಲ್ಲಿ 35 ಕಳೆದದ್ದು ಸರಿಯಾಗಿತ್ತು. ಊಟದ ಬಿಡುವಿನಲ್ಲಿ ಆ ಪುಟವನ್ನು ಮೇಷ್ಟ್ರ ಮುಂದೆ ಇಟ್ಟು, "ಈ ಮಗು ಏನು ಯೋಚನೆ ಮಾಡಿರಬಹುದು ಸರ್?" ಅಂತ ಕೇಳಿದೆ. ಅಷ್ಟೇ. ಅವರು ಸ್ವಲ್ಪ ಹೊತ್ತು ನೋಡಿದರು. "ಅಯ್ಯೋ, ಎರಡರಲ್ಲಿ ಎಂಟು ಹೋಗಲ್ಲ ಅಂತ ತಿರುಗಿಸಿಕೊಂಡಿದ್ದಾಳೆ! ಎಂಟರಲ್ಲಿ ಎರಡು ಕಳೆದಿದ್ದಾಳೆ" ಅಂದರು. ಅವರೇ ಉಳಿದ ಮಕ್ಕಳ ಪುಸ್ತಕ ತರಿಸಿದರು. ಇನ್ನೂ ಕೆಲವರು ಅದೇ ದಾರಿ ಹಿಡಿದಿದ್ದರು. ಮಾರನೇ ದಿನ ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, 38 ತೆಗೆದು ಕೊಡಿ ಅಂತ ಮಕ್ಕಳಿಗೇ ಹೇಳಿದರು. ಕಟ್ಟು ಬಿಚ್ಚದೆ ಕೊಡುವುದು ಆಗಲ್ಲ ಅಲ್ವಾ? ಅಲ್ಲಿಂದ ದಾರಿ ಸಿಕ್ಕಿತು.

ನಾನು ಅವರಿಗೆ ಏನೂ ಹೇಳಿಕೊಟ್ಟಿಲ್ಲ ನೋಡಿ. ಶಿಕ್ಷಕರ ಬಗ್ಗೆ ಮಾತು ತೆಗೆದರೆ ಅವರು ಸಮಜಾಯಿಷಿ ಕೊಡಲು ಶುರು ಮಾಡುತ್ತಾರೆ. ಅದು ಸಹಜ. ಮಗುವಿನ ಪುಸ್ತಕದ ಬಗ್ಗೆ ಮಾತು ತೆಗೆದರೆ ಇಬ್ಬರೂ ಒಂದೇ ಕಡೆ ನಿಂತು ನೋಡುತ್ತೀರಿ. ಇನ್ನೊಂದು ವಿಷಯ: ಮತ್ತೆ ಹೋಗಿ. ಮುಂದಿನ ವಾರವೇ ಹೋಗಿ, ಆ ಹುಡುಗಿ ಈಗ ಹೇಗೆ ಮಾಡುತ್ತಿದ್ದಾಳೆ ಅಂತ ಕೇಳಿ. ಹಾಗೆ ತಿರುಗಿ ಬಂದು ಕೇಳುವವರು ಶಿಕ್ಷಕರಿಗೆ ಸಿಗುವುದೇ ಅಪರೂಪ.

ನಲಿ-ಕಲಿ ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು

ನಾನು ಸಹಾಯ ಪಡೆದವರ ಕಡೆಯಿಂದ ಹೇಳುತ್ತೇನೆ. ಚಿಕ್ಕ ತರಗತಿಯ ಮಕ್ಕಳು ಹಾಡು, ಆಟ, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ನಮ್ಮ ತಾಲ್ಲೂಕಿನಲ್ಲೇ 1995ರಲ್ಲಿ ಶುರುವಾಗಿದ್ದು, ಯುನಿಸೆಫ್ ನೆರವಿನಿಂದ. ಇಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಶಾಲೆಗಳನ್ನು ನೋಡಿ ಬಂದರು. ಬಂದ ಮೇಲೆ ಕೂತು ಕಾರ್ಡುಗಳನ್ನು ತಾವೇ ಬರೆದರು. ಯಾವ ಹಾಡು, ಯಾವ ಚಿತ್ರ, ಯಾವ ಮೆಟ್ಟಿಲಾದ ಮೇಲೆ ಯಾವುದು ಅಂತ ಅವರೇ ಜಗಳ ಆಡಿ ತೀರ್ಮಾನ ಮಾಡಿದ್ದು. ಆ ಹಿರಿಯರು ಈಗಲೂ ಆ ದಿನಗಳ ಬಗ್ಗೆ ಮಾತಾಡುವಾಗ ಮುಖ ಅರಳುತ್ತದೆ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಅದು ಹೋಯಿತು. ಆಗ ಕಾರ್ಡು ಸಿದ್ಧವಾಗಿ ಪೆಟ್ಟಿಗೆಯಲ್ಲಿ ಬಂತು. ಪದ್ಧತಿ ಅದೇ. ಆದರೆ ತುಂಬ ಶಿಕ್ಷಕರಿಗೆ ಅದು ಮೇಲಿನಿಂದ ಬಂದ ಆದೇಶದ ಹಾಗೆ ಕಂಡಿತು. ನನ್ನ ಅಭಿಪ್ರಾಯದಲ್ಲಿ, ತಾನು ಮಾಡಿದ್ದು ಅನ್ನುವ ಭಾವನೆ ಹೋದ ಕಡೆ ಅರ್ಧ ಜೀವ ಹೋಯಿತು.

ಆದ್ದರಿಂದ ನೀವು ಹೋದ ಕಡೆ, "ನೀವೇ ಮಾಡಿದ್ದು ಏನಾದರೂ ಇದೆಯಾ?" ಅಂತ ಕೇಳಿ. ಪ್ರತಿ ಶಾಲೆಯಲ್ಲೂ ಇರುತ್ತದೆ. ಹುಣಸೆ ಬೀಜದ ಆಟ, ಗೋಡೆಗೆ ಅಂಟಿಸಿದ ಪದಗಳ ಪಟ್ಟಿ, ಯಾವುದೋ ಒಂದು. ಅದನ್ನು ಬೇರೆ ಶಾಲೆಯವರಿಗೆ ತೋರಿಸಿ, ಮಾಡಿದವರ ಹೆಸರು ಹೇಳಿ.

ಇನ್ನು ನನಗೆ ನಿಜವಾಗಿ ಬೇಕಾದ ಸಹಾಯ. ನಲಿ-ಕಲಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ. ಮೊದಲನೇ ತಟ್ಟೆಯ ಮಕ್ಕಳಿಗೆ ನಾನು ಪೂರ್ತಿ ಜೊತೆಗಿರಬೇಕು, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ನಾನು ಮೊದಲನೇ ತಟ್ಟೆಯಲ್ಲಿ ಕೂತಾಗ ಉಳಿದ ತಟ್ಟೆಗಳಲ್ಲಿ ಏನಾಗುತ್ತಿದೆ ಅಂತ ನನಗೆ ಗೊತ್ತಾಗುವುದಿಲ್ಲ. ನಮ್ಮ ಹಿಂದಿನ ಸಿಆರ್‌ಪಿ ಮೇಡಂ ಬಂದರೆ ಸುಮ್ನೆ ಮೂರನೇ, ನಾಲ್ಕನೇ ತಟ್ಟೆಯ ಹತ್ತಿರ ಕೂರುತ್ತಿದ್ದರು. ಹೋಗುವಾಗ, "ಇಂಥವನು ಕಾರ್ಡು ನೋಡುತ್ತಿಲ್ಲ, ಪಕ್ಕದವಳ ಉತ್ತರ ನೋಡಿ ಬರೆಯುತ್ತಾನೆ" ಅನ್ನುತ್ತಿದ್ದರು. ನನಗೆ ಆ ಒಂದು ಮಾತು ಎಷ್ಟೋ ತರಬೇತಿಗಿಂತ ಜಾಸ್ತಿ.

ಡಯಟ್ ಉಪನ್ಯಾಸಕರು

ನಾನು ಡಯಟ್‌ನಲ್ಲಿ, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಇದ್ದೇನೆ. ಮೇಲಿನ ಎರಡಕ್ಕೂ ನನ್ನ ಒಪ್ಪಿಗೆ ಇದೆ. ಒಂದು ಸೇರಿಸುತ್ತೇನೆ: ಎಲ್ಲರಿಗೂ ಎಲ್ಲವನ್ನೂ ಮಾಡಲು ಹೋಗಬೇಡಿ. 2018ರಲ್ಲಿ ಅಮೆರಿಕದ ಸಂಶೋಧಕರು ಶಿಕ್ಷಕರ ಜೊತೆ ನಿಂತು ಕೊಡುವ ಮಾರ್ಗದರ್ಶನದ ಬಗ್ಗೆ ನಡೆದ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾಠ ಮಾಡುವ ರೀತಿಯೂ ಸುಧಾರಿಸಿತ್ತು, ಮಕ್ಕಳ ಕಲಿಕೆಯೂ ಸುಧಾರಿಸಿತ್ತು. ಆದರೆ ಹೆಚ್ಚು ಶಿಕ್ಷಕರಿಗೆ ಹಬ್ಬಿಸಿದ ಕಾರ್ಯಕ್ರಮಗಳಲ್ಲಿ ಆ ಪರಿಣಾಮ ಕಡಿಮೆ ಇತ್ತು. ನಮ್ಮಲ್ಲಿ ಒಬ್ಬ ಸಿಆರ್‌ಪಿ ಮೇಲೆ ಎಷ್ಟು ಶಾಲೆ ಇರುತ್ತವೆ ಅಂತ ನಿಮಗೇ ಗೊತ್ತು. ಭೇಟಿ ಎಲ್ಲ ಕಡೆ ಕೊಡಿ, ಅದು ಕೆಲಸ. ಆದರೆ ಗಾಢವಾಗಿ ಜೊತೆಗಿರುವುದಕ್ಕೆ, ಬನ್ನಿ ಅಂತ ತಾವಾಗಿ ಕರೆಯುವ ಕೆಲವರನ್ನು ಮಾತ್ರ ಆರಿಸಿಕೊಳ್ಳಿ.

ಹಿಡಿಯುವ ವಿಷಯವೂ ಸಣ್ಣದಿರಲಿ. ನಾನು ಯಾವಾಗಲೂ ಶುರು ಮಾಡುವುದು ಪ್ರಶ್ನೆ ಕೇಳಿದ ಮೇಲಿನ ಮೌನದಿಂದ. ಮೇರಿ ಬಡ್ ರೋವ್ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಇದಕ್ಕೆ ಕಿಟ್ ಬೇಡ, ಅನುದಾನ ಬೇಡ, ಯಾರ ಅನುಮತಿಯೂ ಬೇಡ. ಹೊಸ ಶಿಕ್ಷಕರು ಒಂದು ವಾರದಲ್ಲಿ ವ್ಯತ್ಯಾಸ ಕಾಣಬಹುದು. ಒಮ್ಮೆ ಕಂಡರೆ ಮುಂದಿನದನ್ನು ಅವರೇ ಕೇಳುತ್ತಾರೆ.

ಮಾಡಿ ತೋರಿಸಿ ಅಂತ ಕೇಳಿದರೆ ಹಿಂಜರಿಯಬೇಡಿ, ಅವರ ತರಗತಿಯಲ್ಲೇ ಪಾಠ ಮಾಡಿ. ಮಕ್ಕಳು ಗಲಾಟೆ ಮಾಡಿದರೂ ಪರವಾಗಿಲ್ಲ. ಆಮೇಲೆ ಇಬ್ಬರೂ ಆ ಪಾಠದ ಬಗ್ಗೆ ಮಾತಾಡಿ.

ಅತಿಥಿ ಶಿಕ್ಷಕ, ಕಲಬುರಗಿ ಜಿಲ್ಲೆ

ಮೇಡಂ, ಒಂದೇ ಕೋರಿಕೆ. ನಮ್ಮನ್ನೂ ಸಭೆಗೆ ಕರೆಯಿರಿ. ನಾವು ಶೈಕ್ಷಣಿಕ ವರ್ಷಕ್ಕೆ ಮಾತ್ರ ಅಂತ ತರಬೇತಿ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಆದರೆ ಕೆಲವು ಶಾಲೆಗಳಲ್ಲಿ ಗಣಿತ, ಇಂಗ್ಲಿಷ್ ಪೂರ್ತಿ ನಮ್ಮ ಕೈಯಲ್ಲೇ ಇದೆ. ನಮ್ಮ ತರಗತಿಗೆ ಯಾರಾದರೂ ಬಂದು, "ಇದು ಚೆನ್ನಾಗಿ ಮಾಡಿದಿರಿ, ಇದನ್ನು ಹೀಗೆ ನೋಡಿ" ಅಂದರೆ ಸಾಕು. ನಮ್ಮ ಮಕ್ಕಳೂ ಅದೇ ಮಕ್ಕಳು.

ಮುಖ್ಯ ಶಿಕ್ಷಕಿ, ಶಿರಸಿ ಕಡೆ

ಬೆಳೆಯುವುದರ ಬಗ್ಗೆ ಎಲ್ಲರೂ ಹೇಳಿದರು. ಶಿಕ್ಷಕರು ಮೊದಲು ಉಸಿರಾಡಬೇಕು ಅಲ್ವಾ? ನಮ್ಮದು ಇಬ್ಬರು ಶಿಕ್ಷಕರ ಶಾಲೆ. ಒಬ್ಬರು ತಾಲ್ಲೂಕು ಕೇಂದ್ರಕ್ಕೆ ತರಬೇತಿಗೆ ಹೋದರೆ ಉಳಿದವರ ಮೇಲೆ ಒಂದರಿಂದ ಐದನೇ ತರಗತಿವರೆಗೆ ಎಲ್ಲವೂ. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಇರಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಆ ಗಂಟೆಗಳಲ್ಲಿ ಆದಷ್ಟು ಶಾಲೆಯ ಒಳಗೇ ನಡೆಯಲಿ. ಸಣ್ಣ ಶಾಲೆಗೆ ಬಂದು ಕಲಿಸುವ ಸಿಆರ್‌ಪಿ ನಮಗೆ ಎರಡು ಉಪಕಾರ ಮಾಡಿದ ಹಾಗೆ.

ನಾನು ಮಾಡುವುದು ಇಷ್ಟು. ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ತುಂಬುವುದು, ಹಾಲು-ಮೊಟ್ಟೆ ಲೆಕ್ಕ, ಅಡುಗೆ ಸಾಮಾನಿನ ರಿಜಿಸ್ಟರ್ ಇವನ್ನು ಹೊಸ ಟೀಚರ್ ತಲೆಗೆ ಕಟ್ಟುವುದಿಲ್ಲ. ಮೊದಲ ವರ್ಷ ಅವರು ಪಾಠ ಮಾತ್ರ ಮಾಡಲಿ. ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಅವರ ತರಗತಿಯನ್ನೂ ಸೇರಿಸಿಕೊಂಡು ನೋಡಿಕೊಳ್ಳುತ್ತೇನೆ. ಅವರು ಪಕ್ಕದ ಊರಿನ ಶಾಲೆಗೆ ಹೋಗಿ ಅಲ್ಲಿನ ಪಾಠ ನೋಡಿ ಬರುತ್ತಾರೆ. ಒಳ್ಳೆಯ ಪಾಠ ಕಣ್ಣಾರೆ ನೋಡಿದ ಮೇಲೆ ಮಾಡುವ ಆಸೆ ತಾನಾಗಿ ಬರುತ್ತದೆ.

ದೂರದ ಜಿಲ್ಲೆಯಿಂದ ನಮ್ಮ ಮಲೆನಾಡಿಗೆ ಬಂದ ಹೆಣ್ಣುಮಕ್ಕಳಿಗೆ ಮಳೆಗಾಲದ ಮೊದಲ ಎರಡು ತಿಂಗಳು ತುಂಬ ಕಷ್ಟ. ಬಾಡಿಗೆ ಮನೆ ಸಿಗಲ್ಲ, ಬಸ್ ಒಂದೇ, ಹಳ್ಳ ತುಂಬಿದರೆ ಅದೂ ಇಲ್ಲ. ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡಿ ಮನೆ ಹುಡುಕಿ ಕೊಡುವುದೂ ಶಿಕ್ಷಕರನ್ನು ಬೆಳೆಸುವ ಕೆಲಸವೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಸಿಆರ್‌ಪಿ ಆದ ನೀವು ಸಭೆಗಳಲ್ಲಿ ಇದನ್ನು ಗೌರವದಿಂದ ನೆನಪಿಸಬಹುದು.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪುಸ್ತಕದ ಪುಟ ಇಟ್ಟುಕೊಂಡು ಮಾತಾಡುವುದು ನಾಳೆಯಿಂದಲೇ ಶುರು. ಇನ್ನೊಂದು ಕೇಳಬಹುದಾ? ನಮ್ಮಲ್ಲಿ ನಿವೃತ್ತಿಗೆ ಹತ್ತಿರ ಇರುವ ಗುರುಗಳು ಒಬ್ಬರಿದ್ದಾರೆ. "ಎಲ್ಲ ತರಬೇತಿ ನೋಡಿದ್ದೀನಿ ತಾಯಿ, ನೀನು ಹೊಸದೇನು ಹೇಳ್ತೀಯ?" ಅಂದರು. ಬೇಸರದಿಂದ ಹೇಳಲಿಲ್ಲ, ಪ್ರೀತಿಯಿಂದಲೇ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಹಿರಿಯ ಶಿಕ್ಷಕಿ, ಧಾರವಾಡ

ಮಗಳೇ, ನಾನೂ ಅದೇ ವಯಸ್ಸಿನವಳು. ಅವರ ಮಾತು ನನಗೆ ಅರ್ಥ ಆಗುತ್ತದೆ. ತೊಂಬತ್ತರ ದಶಕದ ಡಿಪಿಇಪಿ ಯೋಜನೆಯ ಕಾಲದಿಂದ ನೋಡುತ್ತಾ ಬಂದಿದ್ದೇವೆ. ಸರ್ವ ಶಿಕ್ಷಾ ಅಭಿಯಾನ ಬಂತು, ನಲಿ-ಕಲಿ ಬಂತು, ಸಿಸಿಇ ಬಂತು, ಗುರುಚೇತನ ತರಬೇತಿ ಬಂತು, ಕೋವಿಡ್ ಆದ ಮೇಲೆ ಕಲಿಕಾ ಚೇತರಿಕೆ ಬಂತು. ಒಂದೊಂದರಲ್ಲೂ ಒಳ್ಳೆಯದಿತ್ತು. ಕೈ ಕೂಡುವ ಹೊತ್ತಿಗೆ ಮುಂದಿನದು ಬರುತ್ತಿತ್ತು. ಹಿಂದಿನದರಲ್ಲಿ ನಿಮಗೆ ಏನು ಉಪಯೋಗ ಆಯಿತು ಅಂತ ಯಾರೂ ಕೇಳಲಿಲ್ಲ. ಅದು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಅವರ ಹತ್ತಿರ ಆ ಪ್ರಶ್ನೆಯನ್ನೇ ಕೇಳಿ. "ಗುರುಗಳೇ, ಇಷ್ಟು ವರ್ಷದಲ್ಲಿ ನೀವು ಬಿಡದೆ ಇಟ್ಟುಕೊಂಡದ್ದು ಯಾವುದು?" ಅನ್ನಿ. ಮಗ್ಗಿ ಕಲಿಸುವ ಒಂದು ಆಟವೋ, ಒತ್ತಕ್ಷರ ಬರೆಸುವ ಒಂದು ಉಪಾಯವೋ ಖಂಡಿತ ಇರುತ್ತದೆ. ಹೊಸದಾಗಿ ನೇಮಕ ಆದ ಹುಡುಗನನ್ನು ಅವರ ತರಗತಿಗೆ ಕರೆದುಕೊಂಡು ಹೋಗಿ ಕೂರಿಸಿ. ಮುಂದಿನ ವಾರ ಅವರನ್ನು ಆ ಹುಡುಗನ ತರಗತಿಗೆ ಕರೆಯಿರಿ. ನನ್ನ ವಿಷಯದಲ್ಲಿ ಹೀಗೇ ಆಯಿತು. ಸ್ಮಾರ್ಟ್ ಟಿವಿ ಕಂಡರೆ ನನಗೆ ಭಯ ಇತ್ತು. ನಮ್ಮ ಶಾಲೆಯ ಹೊಸ ಟೀಚರ್ ನನ್ನಿಂದ ಒತ್ತಕ್ಷರ ಕಲಿಸುವುದು ನೋಡಿಕೊಂಡಳು, ನನಗೆ ಟಿವಿಯಲ್ಲಿ ನಕ್ಷೆ ದೊಡ್ಡದು ಮಾಡಿ ತೋರಿಸುವುದು ಹೇಳಿಕೊಟ್ಟಳು. ಇಬ್ಬರಿಗೂ ಮರ್ಯಾದೆ ಉಳಿಯಿತು. ಈಗ ಸಮಾಜ ಪಾಠಕ್ಕೆ ನಾನೇ ಟಿವಿ ಹಾಕುತ್ತೇನೆ.

ಕೇಳಿದವರು

ಅಕ್ಕೋರೇ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗೇ ಮಾಡುತ್ತೇನೆ. ಕೊನೆಯದಾಗಿ, ಭೇಟಿ ಪುಸ್ತಕದಲ್ಲಿ ಏನು ಬರೆಯಲಿ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ವರದಿಯೂ ಕೊಡಬೇಕಲ್ಲ.

ಡಯಟ್ ಉಪನ್ಯಾಸಕರು

ವರದಿ ತಪ್ಪಿಸಬೇಡಿ. ಹಾಜರಾತಿ, ಬಿಸಿಯೂಟ, ಕಲಿಕಾ ಮಟ್ಟ ಇವು ಇಲಾಖೆಗೆ ಬೇಕೇ ಬೇಕು. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ, ಮೊದಲೇ ತಿಳಿಸಿ ಹೋಗಿ.

ಹಿಂದೆ ಸಿಆರ್‌ಪಿ ಆಗಿದ್ದವರು, ಹುಣಸೂರು ಕಡೆ

ಸರ್ ಹೇಳಿದ್ದು ಸರಿ, ದಿನ ಬೇರೆ ಇರಲಿ. ಆದರೆ ದೂರದ ಶಾಲೆಗಳಿಗೆ ಎರಡು ಸಲ ಹೋಗಲು ಆಗದ ತಿಂಗಳುಗಳೂ ಇರುತ್ತವೆ. ಆಗ ಬೆಳಿಗ್ಗೆ ದಾಖಲೆ ಮುಗಿಸಿ, ಪುಸ್ತಕ ಮುಚ್ಚಿಟ್ಟು ತರಗತಿಗೆ ಹೋಗಿ. ಭೇಟಿ ಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು ಮಕ್ಕಳು ಏನು ಮಾಡುತ್ತಿದ್ದರು, ಮುಂದಿನ ಭೇಟಿಗೆ ನಾನು ಏನು ತರುತ್ತೇನೆ, ಈ ಎರಡು ಮಾತ್ರ. "3ನೇ ತರಗತಿ ಮಕ್ಕಳು ಕಡ್ಡಿ ಕಟ್ಟಿನಿಂದ ಕಳೆಯುವ ಲೆಕ್ಕ ಮಾಡಿದರು. ಮುಂದಿನ ಸಲ ಸ್ಥಾನಬೆಲೆ ಕಾರ್ಡು ತರುವುದು ನನ್ನ ಜವಾಬ್ದಾರಿ" ಅಂತ. ಬರೆದದ್ದನ್ನು ಶಿಕ್ಷಕರಿಗೆ ಓದಿ ಹೇಳಿಯೇ ಸಹಿ ಹಾಕಿ. ಶಿಕ್ಷಕರು ನಂಬಿ ಹೇಳಿದ ಕಷ್ಟ, ಪಾಠದಲ್ಲಿ ಅವರಿಗೆ ಬಾರದ ಭಾಗ ಇವು ಆ ಪುಸ್ತಕಕ್ಕೂ ಹೋಗಬಾರದು, ಕಚೇರಿಗೂ ಹೋಗಬಾರದು, ಪಕ್ಕದ ಶಾಲೆಗಂತೂ ಹೋಗಲೇಬಾರದು. ಬಿಇಒ ಸಾಹೇಬರು ಕೇಳಿದರೆ ಸುಧಾರಣೆ ಏನಾಗಿದೆ ಅಂತ ಮಕ್ಕಳ ಪುಸ್ತಕವನ್ನೇ ತೋರಿಸಿ. ಕಾರ್ಡು ತರುತ್ತೇನೆ ಅಂತ ಬರೆದ ಮೇಲೆ ತಪ್ಪದೆ ತೆಗೆದುಕೊಂಡು ಹೋಗಿ ಮೇಡಂ.