ಗಾಳಿ ತಂದು ಹಾಕಿದ್ದಕ್ಕೂ ‘ಮೆಕ್ಕಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹೊಳೆ ಮತ್ತು ಗಾಳಿ ತಂದು ಹಾಕುವ ಮಣ್ಣಿನ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಇಂಗ್ಲಿಷಿನ ‘ಕ್ಲೇ’ (clay) ಅನ್ನುವ ಪದ. ಸುಮ್ನೆ ‘ಜೇಡಿಮಣ್ಣು’ ಅಂತ ಬರೆದಿದ್ದೆ. ದೇವದುರ್ಗದ ಹತ್ತಿರ ಸೋದರಮಾವನ ಹೊಲದಲ್ಲಿ ಕೂತು ಅದನ್ನು ಓದಿ ಹೇಳಿದೆ. ಅವರು ಒಂದು ಹೆಂಟೆ ಎತ್ತಿ, ನೀರು ಚಿಮುಕಿಸಿ, ನಾದಿ, ಹೆಬ್ಬೆರಳಿಂದ ಪಟ್ಟಿಯ ಹಾಗೆ ಒತ್ತುತ್ತಾ ಹೋದರು. ಬೆರಳುದ್ದ ಬಂದರೂ ತುಂಡಾಗಲಿಲ್ಲ. “ಇದು ಜೇಡಿ ಅಲ್ಲೋ ತಮ್ಮಾ, ಎರಿ. ಜೇಡಿ ಅಂದ್ರ ಗ್ವಾಡಿಗೆ ಬಳಿಯೋ ಬಿಳಿ ಮಣ್ಣು” ಅಂದರು.

ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ಎರೆಮಣ್ಣಲ್ಲಿ ಜಾಸ್ತಿ ಇರುವುದು ಸ್ಮೆಕ್ಟೈಟ್ ಗುಂಪಿನ ಖನಿಜ. ಅದರ ಪದರಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಪಿಂಗಾಣಿಗೆ ಬಳಸುವ ಕೆಯೋಲಿನೈಟ್ ಹಾಗಲ್ಲ. ಅದರ ಪದರಗಳು ಬಿಗಿ, ನೀರಿಗೆ ಉಬ್ಬುವುದಿಲ್ಲ. ಎರಡೂ ಕ್ಲೇ! ಸಾಲದ್ದಕ್ಕೆ ಕ್ಲೇ ಅನ್ನುವುದು ಗಾತ್ರದ ಹೆಸರೂ ಹೌದು. 0.002 ಮಿಲಿಮೀಟರಿಗಿಂತ ಸಣ್ಣದಾದರೆ ಬೆಣಚುಕಲ್ಲಿನ ಪುಡಿಯೂ ಆ ಲೆಕ್ಕಕ್ಕೆ ಬರುತ್ತದೆ. ಸದ್ಯಕ್ಕೆ ಖನಿಜಕ್ಕೆ ‘ಜೇಡಿ ಖನಿಜ’, ಗಾತ್ರಕ್ಕೆ ‘ನವಿರು ಕಣ’ ಅಂತ ಇಟ್ಟಿದ್ದೇನೆ. ಬೇರೆ ಹೊಳೆದರೆ ಹೇಳಿ.

ನಿಜವಾದ ತಲೆನೋವು ಎರಡನೆಯದು: ಗಾಳಿ ತಂದು ಹಾಕಿದ ಮಣ್ಣಿಗೆ ಏನನ್ನಬೇಕು ಅನ್ನುವುದು. ಹೊಳೆ ತಂದ ಮಣ್ಣು ಹೊಲದ ಮೇಲೆ ಕೂತರೆ ‘ಮೆಕ್ಕಲು’ ಅಂತೀವಿ, ಖುಷಿಪಡ್ತೀವಿ. ಅದೇ ಮಣ್ಣು ಮುನಿರಾಬಾದ್ ಹತ್ತಿರ ತುಂಗಭದ್ರಾ ಡ್ಯಾಮಲ್ಲಿ ಕೂತರೆ ‘ಹೂಳು’. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ 105ರ ಆಸುಪಾಸಿಗೆ ಬಂದಿದೆ, ಅದನ್ನು ಮೆಕ್ಕಲು ಅಂತ ಯಾರು ಕರೀತಾರೆ? ಅಂದರೆ ಈ ಪದಗಳಲ್ಲಿ ಮಣ್ಣಿನ ಗುಣಕ್ಕಿಂತ ನಮ್ಮ ಲಾಭನಷ್ಟವೇ ಜಾಸ್ತಿ ಇದೆ, ಅಲ್ವಾ?

ಹೋಗಲಿ, ಅವೆರಡೂ ನೀರಿನವು. ಗಾಳಿಯದ್ದಕ್ಕೆ ಏನು? ತಲಕಾಡಿನ ಮರಳು ನೋಡಿ. ತಂದದ್ದು ಕಾವೇರಿ, ದಿಬ್ಬ ಹಾಕಿದ್ದು ಗಾಳಿ. ‘ಗಾಳಿಮೆಕ್ಕಲು’ ಅಂತ ಬರೆದು ನೋಡಿದೆ, ಕಿವಿಗೆ ಒಗ್ಗಲಿಲ್ಲ. ಆಮೇಲೆ ಕಣದಲ್ಲಿ ಜೋಳ ತೂರುವುದು ನೆನಪಾಯಿತು. ಕಾಳು ಕಾಲ ಬುಡಕ್ಕೆ, ಹೊಟ್ಟು ದೂರಕ್ಕೆ. ಗಾಳಿ ಮಣ್ಣಿಗೆ ಮಾಡುವುದೂ ಅದನ್ನೇ: ಉಸುಕು ಹತ್ತಿರದಲ್ಲೇ ಬೀಳುತ್ತದೆ, ನುಣ್ಣನೆಯ ಧೂಳು ಎಷ್ಟೋ ದೂರ ಹೋಗುತ್ತದೆ. ಹಾಗಾಗಿ ‘ತೂರುಮಣ್ಣು’ ಅಂದರೆ ಹೇಗೆ?

ಬೇಸಿಗೆ ಗಾಳಿಗೆ ಜಾಲಿಬೇಲಿ ಬುಡದಲ್ಲಿ ಮಣ್ಣು ಬಂದು ಗುಡ್ಡೆ ಆಗುತ್ತದಲ್ಲ, ಅದಕ್ಕೆ ನಿಮ್ಮೂರಲ್ಲಿ ಏನಂತಾರೆ? ಮಾವನನ್ನೂ ಕೇಳಿದೆ. “ಅದಕ್ಕೇನ್ ಹೆಸರೋ, ಧೂಳು” ಅಂದರು.