ಅಪ್‌ಡೇಟ್: ಕಂಪ್ಯೂಟರ್ ಸದ್ದು ಅಡಗಿತು, ಮಳೆ ಸದ್ದು ಉಳಿಯಿತು

ಮಡಿಕೇರಿಯ ನಮ್ಮ ಮನೆಯಲ್ಲಿ ಹಾಡು, ದುಡಿ (ಕೊಡಗಿನ ಪುಟ್ಟ ಚರ್ಮವಾದ್ಯ) ರೆಕಾರ್ಡ್ ಮಾಡುವಾಗ ಕಂಪ್ಯೂಟರಿನ ಗುಂಯ್ ಸದ್ದೂ ಮೈಕಿಗೆ ಬೀಳುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದದ್ದು ಖರ್ಚೇ ಇಲ್ಲದ ಸಲಹೆ. ಮೈಕಿನ ಬೆನ್ನನ್ನು ಕಂಪ್ಯೂಟರಿನ ಕಡೆಗೆ ತಿರುಗಿಸಿದೆ. ನನ್ನದು ಕಾರ್ಡಿಯಾಯ್ಡ್ ಮೈಕ್, ಹಿಂದಿನಿಂದ ಬರುವ ಸದ್ದನ್ನು ಅದು ತುಂಬಾ ಕಡಿಮೆ ಹಿಡಿಯುತ್ತದೆ. ಹಾಡುವವರನ್ನು ಮೈಕಿಗೆ ಇನ್ನಷ್ಟು ಹತ್ತಿರ ನಿಲ್ಲಿಸಿ ಗೇನ್ (ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನೋ ಸೆಟ್ಟಿಂಗ್) ಇಳಿಸಿದೆ. ಅರ್ಧ ಕಾಟ ಅಲ್ಲಿಗೇ ಮುಗಿಯಿತು.

ಆಮೇಲೆ ಸಿಪಿಯು ಡಬ್ಬವನ್ನು ಗೋಡೆಯಾಚೆಯ ಕೋಣೆಗೆ ಸಾಗಿಸಿದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು, ಹಾಗಾಗಿ ಅದಕ್ಕಿಂತ ದೂರ ಇಡಲಿಲ್ಲ. ಬೀರುವಿನೊಳಗೆ ಮುಚ್ಚಿಡಿ ಎಂದವರೂ ಇದ್ದರು. ಅದು ಬೇಡ ಅನ್ನಿಸಿತು. ಗಾಳಿ ಆಡದಿದ್ದರೆ ಬಿಸಿ ಏರುತ್ತದೆ, ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಸುಮ್ನೆ ತಲೆನೋವು. ಅದೂ ಅಲ್ಲದೆ ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಅಲ್ವಾ?

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಫೈಲ್ ಉಳಿಸುವ ಡ್ರೈವ್) ಹಾಕಿದ ಮೇಲೆ ಕರಕರ ಸದ್ದೂ ನಿಂತಿತು. ಎಸ್‌ಎಸ್‌ಡಿಯೊಳಗೆ ತಿರುಗುವ ಭಾಗವೇ ಇಲ್ಲವಲ್ಲ.

ರೆಕಾರ್ಡಿಂಗ್‌ನಿಂದ ಬೇಡದ ಸದ್ದು ತೆಗೆಯುವ ಸಾಫ್ಟ್‌ವೇರ್, ಅಂದರೆ ನಾಯ್ಸ್ ರಿಡಕ್ಷನ್ ಪ್ಲಗಿನ್ ಮಾತ್ರ ನನಗೆ ಹಿಡಿಸಲಿಲ್ಲ. ಜಾಸ್ತಿ ಹಾಕಿದರೆ ದುಡಿಯ ಏಟಿನ ನಂತರ ಉಳಿಯುವ ಗುಂಗನ್ನೂ ತಿಂದುಹಾಕುತ್ತದೆ. ಮಾತಿಗಾದರೆ ಪರವಾಗಿಲ್ಲ.

ಈಗ ಉಳಿದಿರುವುದು ಶೀಟಿನ ಮೇಲೆ ಬೀಳುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಬಿಡುವಿಲ್ಲ. ಶೀಟಿನ ಮನೆಯಲ್ಲೇ ರೆಕಾರ್ಡ್ ಮಾಡುವವರು ಚಾವಣಿಗೆ ಏನಾದರೂ ಮಾಡಿಸಿದ್ದರೆ ದಯವಿಟ್ಟು ತಿಳಿಸಿ.